ಎಂಟು ನಂಬರಿನ ಕಾರಿನ ಬಾಜೂ ನಿಂತವರು

ಆ ಫೋಟೋಕ್ಕೆ ನಾನು ತೆತ್ತ ಬೆಲೆ ಒಂದು ಜೋಡಿ ಹಿತ್ತಾಳೆಯ ಹೆಡ್‌ಲೈಟು. ಹುಕ್ಕೇರಿಯ ಹಳೇ ವಾಡೆಯೊಂದರ ಹಿತ್ತಲಲ್ಲಿ, ಕುಳ್ಳಿನ ರಾಶಿಯ ಅಡಿಗೆ ಸಿಕ್ಕಿದ್ದವು. ಗಾಜಿಗೆ ಒಂದು ಗೀರೂ ಇರಲಿಲ್ಲ. ಎಷ್ಟೋ ಜನ ಬಂದು ಕೇಳಿದ್ದರು, ಕೊಟ್ಟಿರಲಿಲ್ಲ. ಹಳೇ ಗಾಡಿಗಳ ವ್ಯಾಪಾರದಲ್ಲಿ ನಾನು ಯಾರಿಗೂ ಒಂದು ನಟ್ಟನ್ನೂ ಪುಕ್ಕಟೆ ಕೊಟ್ಟವನಲ್ಲ. ಬೇಕಾದರೆ ಗೋಕಾಕದಲ್ಲಿ ಯಾರನ್ನಾದರೂ ಕೇಳಿ ನೋಡಿರಿ. ಅಂಥವನು ಆ ಜೋಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಕೊಲ್ಲಾಪುರಕ್ಕೆ ಒಯ್ದು, ಅಂಗೈ ಅಗಲದ ಒಂದು ಫೋಟೋಕ್ಕೆ ಕೊಟ್ಟು ಬಂದೆ. ಕಾರಣ ಒಂದೇ. ನನ್ನ ಅವ್ವ ತನ್ನ ಅಪ್ಪನ ಮುಖ ಕಂಡಿರಲಿಲ್ಲ, ಅವಳ ಕಣ್ಣು ದಿನದಿಂದ ದಿನಕ್ಕೆ ಹೋಗುತ್ತಿತ್ತು.

ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಹುಕ್ಕೇರಿ ಕಡೆಯ ಮಿಸ್ತ್ರಿ. ಮೊದಲು ಗಾಡಿ ಗಾಲಿಗೆ ಪಟ್ಟಿ ಹೊಡೆಯುತ್ತಿದ್ದನಂತೆ, ಆಮೇಲೆ ಕೊಲ್ಲಾಪುರದ ಕಡೆಯ ಸಿರಿವಂತರೊಬ್ಬರ ಮೋಟಾರುಗಳ ಕೆಲಸಕ್ಕೆ ಹೋದ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಖಾಲಿ ಬಿದ್ದ ವಿಮಾನದ ಬಯಲುಗಳಲ್ಲಿ ಅಂಥವರೆಲ್ಲ ಸೇರಿ ಕಾರುಗಳ ಓಟ ನಡೆಸುತ್ತಿದ್ದ ಕಾಲ ಅದು. ಅವ್ವ ಹೊಟ್ಟೆಯಲ್ಲಿದ್ದಾಗ ಅಜ್ಜ ಅಲ್ಲೇ ಜ್ವರ ಬಂದು ತೀರಿಕೊಂಡ. ಊರಿಗೆ ಬಂದದ್ದು ಅವನ ಹತ್ಯಾರುಗಳ ಪೆಟ್ಟಿಗೆ ಮತ್ತು ಒಂದು ಫೋಟೋ. ಅಜ್ಜಿಯೂ ಬಹಳ ದಿನ ಬಾಳಲಿಲ್ಲ. ಅವ್ವನನ್ನು ದೂರದ ಸಂಬಂಧದ ಮಾಮಿಯೊಬ್ಬಳು ಸಾಕಿದಳು, ಅವಳು ಅಜ್ಜನನ್ನು ಕಂಡವಳೇ ಅಲ್ಲ. ಫೋಟೋ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇತ್ತು. ಲಗ್ನವಾಗಿ ಕುಲಗೋಡಕ್ಕೆ ಬಂದ ಮೇಲೆ ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಫೋಟೋದಲ್ಲಿ ಒಂದು ಸಣ್ಣ ರೇಸಿನ ಕಾರು. ಮೇಲೆ ಟಾಪಿಲ್ಲ, ಗಾಲಿಗೆ ಮಡ್‌ಗಾರ್ಡಿಲ್ಲ, ಸೈಕಲ್ಲಿನಂಥ ತಂತಿ ಗಾಲಿ, ಬಾನೆಟ್ಟಿಗೆ ಅಡ್ಡ ಚರ್ಮದ ಪಟ್ಟಿ, ಹಿಂಭಾಗ ದೋಣಿಯ ಹಾಗೆ ಚೂಪು. ಬಾಜೂಕ್ಕೆ ಬಿಳಿ ವೃತ್ತದಲ್ಲಿ ಇಂಗ್ಲಿಷಿನ ಎಂಟು ಎಂಬ ಅಂಕಿ. ಇಬ್ಬರು ಗಂಡಸರು. ಒಬ್ಬ ಕಾರಿನಲ್ಲಿ ಕುಳಿತಿದ್ದಾನೆ, ಚರ್ಮದ ಟೊಪ್ಪಿಗೆ, ಕನ್ನಡಕ ಹಣೆಯ ಮೇಲೆ. ಇನ್ನೊಬ್ಬ ಬಾಜೂಕ್ಕೆ ನಿಂತಿದ್ದಾನೆ, ಕೈಯಲ್ಲಿ ಎಂಜಿನ್ ತಿರುವುವ ಹ್ಯಾಂಡಲ್.

ಇವರಲ್ಲಿ ಅಪ್ಪ ಯಾರು ಎಂದು ಅವ್ವನಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಕೇಳುವ ಅಗತ್ಯವೂ ಕಂಡಿರಲಿಲ್ಲ. ನಮ್ಮ ಕಡೆ ಮನೆಮಂದಿಯ ಫೋಟೋ ಹೇಗೆ ತೆಗೆಸುತ್ತೇವೆ ನಿಮಗೆ ಗೊತ್ತು. ಹಿರಿಯರು ಕುರ್ಚಿ ಮೇಲೆ, ಉಳಿದವರು ಹಿಂದೆ, ಆಳು ಇದ್ದರೆ ಅಂಚಿಗೆ. ಕುಂತವರು ಹಿರಿಯರು, ನಿಂತವರು ಕಿರಿಯರು. ಅಪ್ಪ ಎಂದ ಮೇಲೆ ಕುಂತೇ ಇರಬೇಕು. ಹೀಗಾಗಿ ಕುಂತವನು ಅಪ್ಪನಾದ. ಪ್ರತಿ ಅಮಾವಾಸ್ಯೆಗೆ ಅವ್ವ ಅವನ ಹಣೆಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದಳು. ಒಮ್ಮೆ ಸುಣ್ಣ ಹಚ್ಚುವಾಗ ಗಾಜು ಬಿದ್ದು ಒಡೆಯಿತು, ಮತ್ತೆ ಹಾಕಿಸಲಿಲ್ಲ. ಆಮೇಲಿಂದ ಬರಿಯ ಕಾಗದದ ಮೇಲೇ ಬೆರಳು. ಕುಂಕುಮ ಹತ್ತಿ, ಒರೆಸಿ, ಮತ್ತೆ ಹತ್ತಿ, ನಾನು ಸಾಲೆಗೆ ಹೋಗುವ ಹೊತ್ತಿಗೆ ಆ ಮುಖ ಅಳಿಸಿ ಕೆಂಪು ಕಲೆಯೊಂದೇ ಉಳಿದಿತ್ತು. ನಿಂತವನ ಮುಖಕ್ಕೆ ಯಾರೂ ಏನೂ ಹಚ್ಚದ್ದರಿಂದ ಅದು ಇದ್ದಂತೆಯೇ ಇತ್ತು. ಅವನನ್ನು ನಾವು ಆಳು ಎನ್ನುತ್ತಿದ್ದೆವು. ಕೆಲಸ ಹೇಳಿದಾಗ ಸುಮ್ಮನೆ ನಿಂತರೆ ಅವ್ವ ಬಯ್ಯುತ್ತಿದ್ದಳು: "ಫೋಟೋದಾಗಿನ ಆಳಿನಂಗ ಏನ್ ನಿಂತೀಯೋ, ನಡಿ."

ನಾನು ಈ ಕಸುಬಿಗೆ ಬಂದದ್ದಕ್ಕೂ ಆ ಫೋಟೋನೇ ಕಾರಣ ಎಂದು ಬೇರೆಯವರ ಮುಂದೆ ಹೇಳುತ್ತೇನೆ, ಕೇಳಲು ಚೆನ್ನಾಗಿರುತ್ತದೆ. ಖರೆ ಎಂದರೆ ನನ್ನ ಅಪ್ಪ ಮೂಡಲಗಿಯ ದನದ ಸಂತೆಯಲ್ಲಿ ದಲ್ಲಾಳಿ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾಡುವುದನ್ನು ಅವನ ಬಾಜೂ ನಿಂತು ಕಲಿತೆ. ಕೊಂಬಿಗೆ ಹಚ್ಚಿದ ಬಣ್ಣ ನೋಡಬೇಡ, ಹಲ್ಲು ನೋಡು, ಗೊರಸು ನೋಡು ಎಂದು ಅಪ್ಪ ಹೇಳುತ್ತಿದ್ದ. ನಾನು ಅದೇ ಬುದ್ಧಿಯನ್ನು ಗಾಡಿಗಳಿಗೆ ಹಚ್ಚಿದೆ. ಮೊದಲು ಗುಜರಿ, ಆಮೇಲೆ ಹಳೇ ಕಾರು, ಆಮೇಲೆ ಫೋಟೋ. ಈಗ ಎಲ್ಲೆಲ್ಲಿಂದಲೋ ಜನ ಮೊಬೈಲಿಗೆ ಹಳೇ ಫೋಟೋ ಕಳಿಸಿ ಕೇಳುತ್ತಾರೆ, ಕಾಕಾ, ಇದು ಯಾವ ಗಾಡಿ ಅಂತ. ನಾನು ಗಾಡಿಯ ಮೂತಿ ನೋಡುವುದಿಲ್ಲ. ಮೂತಿ ಬದಲಾಗಿರುತ್ತದೆ, ಇಲ್ಲವೇ ಹೂವಿನ ಹಾರ ಮುಚ್ಚಿರುತ್ತದೆ. ಬಾನೆಟ್ಟಿನ ಗಾಳಿಸಂದು, ಗಾಲಿಯ ನಡುವಿನ ನಟ್ಟು, ಹೊಗೆ ಕೊಳವೆ ಯಾವ ಬದಿಗೆ ಇದೆ, ಸ್ಟಿಯರಿಂಗ್ ಯಾವ ಬದಿಗೆ. ಹೆಸರು ಅಲ್ಲಿರುತ್ತದೆ.

ಊರವರ ಕಾರುಗಳಿಗೆಲ್ಲ ಹೆಸರು ಹೇಳಿದ ನನಗೆ ನಮ್ಮ ಗೋಡೆಯ ಕಾರಿನ ಹೆಸರು ಸಿಗಲಿಲ್ಲ. ಸ್ಟಿಯರಿಂಗ್ ಎಡಕ್ಕಿತ್ತು. ಹಾಗಾಗಿ ಅಮೆರಿಕದ್ದೋ ಜರ್ಮನಿಯದ್ದೋ ಎಂದು ವರ್ಷಗಟ್ಟಲೆ ಹುಡುಕಿದೆ. ಯಾವುದೂ ಕೂಡಲಿಲ್ಲ. ಅವಸರವೂ ಇರಲಿಲ್ಲ ಎನ್ನಿ. ಅವ್ವನ ಕಣ್ಣು ಕೆಟ್ಟ ಮೇಲೆ ಅವಸರವಾಯಿತು. ಡಾಕ್ಟರು ಹೇಳಿದ್ದು, ಇದು ಪೊರೆಯಲ್ಲ, ಕಣ್ಣಿನ ನಡುವಿನ ಭಾಗ ಸವೆಯುತ್ತಿದೆ, ತಿರುಗಿ ಬರುವುದಿಲ್ಲ. ಅಂಚಿನಲ್ಲಿದ್ದದ್ದು ಕಾಣುತ್ತದೆ, ಎದುರಿಗಿದ್ದದ್ದು ಕಾಣುವುದಿಲ್ಲ. ಕುಲಗೋಡದಿಂದ ಫೋಟೋ ಸಮೇತ ಬಂದು ನೆಲೆಸಿದ ಗೋಕಾಕದ ನಮ್ಮ ಮನೆಯಲ್ಲಿ ಅವ್ವ ಎಲ್ಲರನ್ನೂ ಕತ್ತು ಹೊರಳಿಸಿ, ಓರೆಯಾಗಿ ನೋಡತೊಡಗಿದಳು. ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡಳು.

"ಮಂದಿ ಕಾರೆಲ್ಲಾ ಗುರತ ಹಿಡೀತಿ. ಆ ಕಾರ್ ಹುಡುಕೋ. ಅದು ಸಿಕ್ರ ಅದರದು ಇನ್ನೊಂದ್ ಫೋಟೋ ಎಲ್ಲರೆ ಇದ್ದೀತು. ಅದರಾಗ ನಮ್ಮಪ್ಪನ ಮುಖ ಇರತೈತಿ."

"ನೋಡೂಣವ್ವಾ."

"ನೋಡೂಣ ಅನಬ್ಯಾಡ. ನೋಡಾಕ ನನಗ ಇನ್ ಭಾಳ ದಿನಾ ಆಗೂದಿಲ್ಲ."

ಅಂದಿನಿಂದ ನಾನು ಅಂಗಡಿಯಿಂದ ಬಂದಾಗಲೆಲ್ಲ ಅವಳದು ಒಂದೇ ಮಾತು: "ಸಿಕ್ತೇನೋ ಮುಖ?"

ಸಿಕ್ಕಿದ್ದು ನನ್ನ ಹೆಂಡತಿಯಿಂದ. ನಾನು ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಗಾಲಿ ನೋಡುತ್ತ ಕುಳಿತಿದ್ದೆ. ಅವಳು ಇಸ್ತ್ರಿ ಮಾಡುತ್ತಿದ್ದವಳು ಬಗ್ಗಿ ನೋಡಿ, "ಈ ನಿಂತಾಂವನ ಅಂಗಿ ಕಿಸೆ ಬಲಕ್ಕ ಐತಲ್ರಿ, ಯಾವ ದರ್ಜಿ ಹೊಲದಾನ?" ಎಂದಳು.

"ನಾ ಕಾರ್ ನೋಡಾಕತ್ತೇನಿ."

"ನೀವು ಬರೇ ಕಾರ್ ನೋಡ್ರಿ. ಮನಷ್ಯಾರನ ನೋಡಬ್ಯಾಡ್ರಿ."

ಗಂಡಸರ ಅಂಗಿಗೆ ಕಿಸೆ ಎಡಕ್ಕಿರುತ್ತದೆ. ಬಲಕ್ಕಿದೆ ಎಂದರೆ ಫೋಟೋನೇ ತಿರುವುಮುರುವು. ಫೋಟೋ ತೊಳೆಯುವವನು ಫಿಲ್ಮನ್ನು ಮಗುಚಿ ಇಟ್ಟಿದ್ದಾನೆ. ಎಂಟು ಎಂಬ ಅಂಕಿ ಹೇಗೆ ತಿರುವಿದರೂ ಎಂಟೇ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ನಾನು ಮೊಬೈಲಿನಲ್ಲಿ ಫೋಟೋ ತಿರುವಿದೆ. ಸ್ಟಿಯರಿಂಗ್ ಬಲಕ್ಕೆ ಬಂತು, ಹೊಗೆ ಕೊಳವೆಯೂ ಬದಿ ಬದಲಿಸಿತು. ಇಂಗ್ಲೆಂಡಿನ ಗಾಡಿ, ಯುದ್ಧಕ್ಕಿಂತ ಮೊದಲಿನದು. ಹೆಸರು ಬರೆಯುವುದಿಲ್ಲ, ಬಲ್ಲವರಿಗೆ ಇಷ್ಟರಲ್ಲೇ ತಿಳಿಯುತ್ತದೆ. ದೋಣಿ ಹಿಂಭಾಗದ ಮೇಲೆ ಮೀನಿನಾಕಾರದ ಒಂದು ತಾಮ್ರದ ತೇಪೆಯೂ ಇತ್ತು. ಒಂದೇ ಜಾತಿಯ ಎರಡು ಗಾಡಿಗಳಲ್ಲಿ ನಿಮ್ಮದು ಯಾವುದೆಂದು ಹೇಳುವುದು ಅಂಥ ಗಾಯವೇ.

ಹಳೇ ಗಾಡಿಗಳ ಹುಚ್ಚಿನವರ ಮೊಬೈಲ್ ಗುಂಪಿಗೆ ತಿರುವಿದ ಫೋಟೋ ಹಾಕಿದೆ. ಸಂಜೆಯೊಳಗೆ ಕೊಲ್ಲಾಪುರದಿಂದ ಫೋನು. ಹಿಂದೆ ನನ್ನ ಹೆಡ್‌ಲೈಟುಗಳನ್ನು ಕೇಳಿ ಹೋಗಿದ್ದ ಸಾಹುಕಾರರು.

"ಆ ಗಾಡಿ ನಮ್ಮ ಅಜ್ಜಾರದು. ಗಾಡಿ ಹೋಗಿ ಭಾಳ ವರ್ಷ ಆತು. ಅದರದು ಇನ್ನೊಂದು ಫೋಟೋ ಐತಿ, ಮುಖ ಸ್ವಚ್ಛ ಕಾಣತಾವು. ಬರ್ರಿ, ಬರೂವಾಗ ಬರೇ ಕೈಲೆ ಬರಬ್ಯಾಡ್ರಿ."

ವ್ಯಾಪಾರಿಯ ಮಾತು ವ್ಯಾಪಾರಿಗೆ ತಿಳಿಯುತ್ತದೆ. ನಾನು ಚೌಕಾಸಿ ಮಾಡಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಫೋಟೋ ಕೈಗೆ ಬಂತು. ಅದೇ ಕಾರು, ಅದೇ ತೇಪೆ, ಅದೇ ಚರ್ಮದ ಟೊಪ್ಪಿಗೆಯವನು ಸೀಟಿನಲ್ಲಿ. ಬೆಳ್ಳಗಿನ ಮುಖ, ಚೂಪು ಮೂಗು, ನಗು. ನಾನು ಅದನ್ನೇ ನೋಡುತ್ತ, "ಇವರು ನಮ್ಮ ಅಜ್ಜ," ಎಂದೆ.

ಸಾಹುಕಾರರು ಗೋಡೆಯ ಕಡೆ ಕೈ ಮಾಡಿದರು. ಅಲ್ಲಿ ಅದೇ ಮುಖ ಮುದಿಯಾಗಿ, ಚಂದನದ ಹಾರ ಹಾಕಿಕೊಂಡು ತೂಗುತ್ತಿತ್ತು.

"ಅವರು ನಮ್ಮ ಅಜ್ಜ, ಕಾಕಾ. ನಿಮ್ಮಾಂವ ಇಂವ." ಅವರ ಬೆರಳು ಅಂಚಿಗೆ ನಿಂತವನ ಮೇಲಿತ್ತು. "ಎಡಗೈ ಮಿಸ್ತ್ರಿ ಅಂತಿದ್ರು ನಮ್ಮ ಅಜ್ಜಾ. ಆ ತೇಪಿ ಇವಂದ ಕೆಲಸ. ಅದರ ಮ್ಯಾಲೆ ಬಣ್ಣ ಹಚ್ಚಾಕ ಅಜ್ಜಾ ಬಿಡಲೇ ಇಲ್ಲಂತ."

ಹ್ಯಾಂಡಲ್ ಅವನ ಎಡಗೈಯಲ್ಲಿತ್ತು. ನಮ್ಮ ಗೋಡೆಯ ಮೇಲೆ ತಿರುವುಮುರುವಾಗಿ ಬಲಗೈಯಲ್ಲಿತ್ತು, ಅಷ್ಟೇ. ನನ್ನ ಅವ್ವನೂ ಎಡಗೈಯವಳು. ರೊಟ್ಟಿ ಬಡಿಯುವುದು, ಕುಡುಗೋಲು ಹಿಡಿಯುವುದು, ನಮಗೆ ಏಟು ಕೊಡುತ್ತಿದ್ದದ್ದು, ಎಲ್ಲ ಎಡಗೈಯಲ್ಲೇ. ಆ ಕೈ ಎಲ್ಲಿಂದ ಬಂತೆಂದು ನಾವು ಯಾರೂ ಕೇಳಿರಲಿಲ್ಲ.

ಅವ್ವನ ಕಣ್ಣಿನ ಸುದ್ದಿ ಅವರಿಗೆ ಮೊದಲೇ ಹೇಳಿದ್ದೆ. ನನ್ನ ಮುಖ ನೋಡಿ ಸಾಹುಕಾರರು ಮೆಲ್ಲಗೆ ಹೇಳಿದರು: "ಮುದುಕಿಗೆ ಕಣ್ಣು ಕಾಣೂದಿಲ್ಲ ಅಂತೀರಿ. ಕುಂತಾಂವನ ನಿಮ್ಮಪ್ಪ ಅಂದಬಿಡ್ರಿ. ಏನ್ ಹೋತು? ಸಮಾಧಾನ ಆಕ್ಕೈತಿ."

ಹೊರಗೆ ಬಂದು ಗಾಡಿ ಹತ್ತಿದವನು ಮನೆಗೆ ಹೋಗುವ ಹುಕ್ಕೇರಿ ದಾರಿಗೆ ಹೊರಳಲಿಲ್ಲ. ಹೆದ್ದಾರಿ ಹಿಡಿದು ಯಮಕನಮರಡಿವರೆಗೆ ಹೋದೆ, ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಲಾರಿಗಳು ನಿಲ್ಲುವ ಕಡೆ ಚಹಾ ಕುಡಿದು, ಮತ್ತೊಂದು ಚಹಾ ಹೇಳಿದೆ. ಸಾಹುಕಾರರು ಹೇಳಿದ್ದು ಲಾಭದ ಮಾತು. ಅವ್ವ ತನ್ನ ಅಪ್ಪನೆಂದು ಪೂಜಿಸಿದವನಿಗೆ ಚಂದದ ಒಂದು ಮುಖ ಸಿಗುತ್ತಿತ್ತು, ಆಳು ಆಳಾಗಿಯೇ ಉಳಿಯುತ್ತಿದ್ದ. ಆದರೆ ನಾನು ಇಷ್ಟು ವರ್ಷದಲ್ಲಿ ಬೆಲೆ ಏರಿಸಿದ್ದೇನೆ, ಇಳಿಸಿದ್ದೇನೆ, ಒಂದು ಗಾಡಿಗೆ ಇನ್ನೊಂದರ ಹೆಸರು ಹೇಳಿ ಮಾರಿಲ್ಲ. ಅವ್ವ ಕೇಳಿದ್ದು ಸಮಾಧಾನವನ್ನಲ್ಲ, ಮುಖವನ್ನು. ಚಹಾ ಆರಿತ್ತು. ಗಾಡಿ ತಿರುಗಿಸಿದೆ.

ಮನೆಯಲ್ಲಿ ಅವ್ವ ಬಾಗಿಲಿಗೆ ಓರೆಯಾಗಿ ಕುಳಿತಿದ್ದಳು.

"ಸಿಕ್ತೇನೋ?"

"ಸಿಕ್ತವ್ವಾ."

"ಹೆಂಗದಾನ?"

"ಕುಂತಾಂವ ಅಲ್ಲವ್ವಾ. ನಿಂತಾಂವ."

ನಾನು ಎಲ್ಲ ಹೇಳಿದೆ, ಕಿಸೆ, ಕಾರು, ಸಾಹುಕಾರರ ಗೋಡೆ, ಎಡಗೈ ಮಿಸ್ತ್ರಿ. ಎಡಗೈ ಎಂದಾಗ ಅವಳು ತನ್ನ ಕೈಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಳು.

"ತಂಬಗಿ ಎಡಗೈಲೆ ಕೊಟ್ರ ಮಾಮಿ ಕೈ ಮ್ಯಾಲೆ ಹೊಡೀತಿದ್ಲು. ಯಾವ ದರಿದ್ರನ ಕೈ ಬಂತೋ ಅಂತಿದ್ಲು," ಎಂದಳು.

ಹೊಸ ಫೋಟೋ ಅವಳ ಕೈಗೆ ಕೊಟ್ಟೆ. ಕತ್ತು ಅತ್ತ ಹೊರಳಿಸಿದಳು, ಇತ್ತ ಹೊರಳಿಸಿದಳು, ಬೆಳಕಿಗೆ ಹಿಡಿದಳು. ಕಾರಿನ ಗಾಲಿ ಕಾಣುತ್ತದೆ ಎಂದಳು. ಮುಖ ಕಾಣಲಿಲ್ಲ. ಅದನ್ನು ನನಗೆ ವಾಪಸು ಕೊಟ್ಟು ಹೇಳಿದಳು:

"ಇರಲಿ ಬಿಡೋ. ಅವನ ಮುಖ ನನಗ ಗೊತ್ತೈತಿ. ಧೂಳ ಒರಸಾಕಿ ನಾನ ಅಲ್ಲ? ಗದ್ದಕ್ಕ ಒಂದ್ ಕುಣಿ ಐತಿ. ಬಿಸಲಿಗೆ ಒಂದ್ ಕಣ್ಣ ಸಣ್ಣ ಮಾಡ್ಯಾನ. ದಿನಾ ನೋಡೇನಿ." ಗೋಡೆಯ ಕಡೆ ಕತ್ತು ಹೊರಳಿಸಿ, "ದಿನಾ ನೋಡಿ ಆಳು ಅಂದೇನಿ," ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನನ್ನ ಹೆಂಡತಿ ಒಳಗಿನಿಂದ ನೀರು ತಂದವಳು ಕೊಡದೆ ಹಾಗೇ ಹಿಡಿದು ನಿಂತಳು.

ಹಳೇ ಫೋಟೋಕ್ಕೆ ನಾನು ಗಾಜು ಹಾಕಿಸಿದೆ. ಮುಂದಿನ ಅಮಾವಾಸ್ಯೆಗೆ ಅವಳ ಬೆರಳು ಹಿಡಿದು ನಿಂತವನ ಹಣೆಯ ಹತ್ತಿರ ಒಯ್ದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡ. ಅಳಸೀತು."

"ಗಾಜ್ ಐತವ್ವಾ ಈಗ."

"ಗಾಜ್ ಒಡೀತೈತಿ. ಅವನ ಮುಖ ಉಳೀಲಿ. ಕುಂತಾಂವಗ ಹಚ್ಚು. ಇಷ್ಟ ವರ್ಷ ಹಚ್ಚಿಸಿಕೊಂಡಾನ, ಈಗ ಬಿಟ್ರ ಸಿಟ್ಟಾದಾನು. ಅವನೂ ಯಾರದರೆ ಅಪ್ಪ."

ಹಾಗೆಯೇ ಮಾಡಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಹೋದಳು. ಕಡೆಯ ದಿನಗಳಲ್ಲಿ ಆ ಗೋಡೆಗೆ ಓರೆಯಾಗಿ ಹಾಸಿಗೆ ಹಾಕಿಸಿಕೊಂಡಿದ್ದಳು. ಏನು ಕಾಣುತ್ತಿತ್ತೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಈಗ ಸುಮ್ಮನೆ ನಿಂತವರಿಗೆ ಯಾರೂ ಆ ಬೈಗುಳ ಬಯ್ಯುವುದಿಲ್ಲ. ಅದನ್ನು ಬಯ್ಯುವವಳ ದನಿಗಾಗಿ ನಾನು ಇನ್ನೊಂದು ಜೋಡಿ ಹೆಡ್‌ಲೈಟು ಕೊಟ್ಟೇನು, ಆದರೆ ಮಾರುವವರಿಲ್ಲ.

ನಿಮ್ಮ ಮನೆಯಲ್ಲೂ ಯಾವುದೋ ಮೋಟಾರಿನ ಬಾಜೂ ನಿಂತವರ ಹಳೇ ಫೋಟೋ ಇದ್ದೀತು. ಅದನ್ನು ನನಗಾಗಲಿ ಮತ್ತೊಬ್ಬರಿಗಾಗಲಿ ಕಳಿಸುವ ಮೊದಲು ಅಂಗಿಯ ಕಿಸೆ ನೋಡಿರಿ. ಬಲಕ್ಕಿದ್ದರೆ ತಿರುವಿ ನೋಡಿರಿ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ. ಮೂತಿಗಿಂತ ಗಾಲಿಯ ನಟ್ಟು, ಸ್ಟಿಯರಿಂಗಿನ ಬದಿ, ತೇಪೆ, ತಗ್ಗು ನಂಬಿರಿ. ಮೊಬೈಲಿನಲ್ಲಿ ತೆಗೆಯುವಾಗ ಫ್ಲ್ಯಾಶ್ ಬೇಡ, ಬಾಗಿಲ ಬೆಳಕು ಸಾಕು. ಪೂಜೆ ಬಿಡಿ ಎನ್ನುವುದಿಲ್ಲ, ಆದರೆ ಗಾಜು ಒಡೆದರೆ ಆ ವಾರವೇ ಹಾಕಿಸಿರಿ, ಬರಿಯ ಕಾಗದಕ್ಕೆ ಕುಂಕುಮ ಮುಟ್ಟಿಸಬೇಡಿ. ಯಾರಾದರೂ ಕೊಳ್ಳಲು ಬಂದರೆ ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ, ಎರಡನೆಯದಕ್ಕೂ ಒಪ್ಪಬೇಡಿ. ಮತ್ತು ಬಲ್ಲವರು ಇನ್ನೂ ಇರುವಾಗಲೇ, ಅವರ ಕಣ್ಣು ನೆಟ್ಟಗಿರುವಾಗಲೇ ಕೇಳಿರಿ. ಬೆಳಿಗ್ಗೆ, ಚಹಾ ಕೊಟ್ಟ ಮೇಲೆ ಕೇಳಿದರೆ ಚೆನ್ನಾಗಿ ನೆನಪು ಮಾಡಿ ಹೇಳುತ್ತಾರೆ. ಕುಂತವರ ಬಗ್ಗೆ ಆಮೇಲೆ ಕೇಳಿದರೂ ನಡೆದೀತು. ಮೊದಲು ನಿಂತವರು ಯಾರು ಎಂದು ಕೇಳಿ, ಹೆಸರನ್ನು ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿರಿ. ಪೆನ್ನು ಬೇಡ, ಮಸಿ ಈಚೆಗೆ ಮೂಡುತ್ತದೆ.