ಬೈಲು ಮಾರಿದ ಅಕ್ಕ

ಒಳ್ಳೆಯ ನೂಲಿನ ಸೀರೆ, ಕಿವಿಯಲ್ಲಿ ವಜ್ರದ ಓಲೆ, ಕಾಲಿಗೆ ಮಾತ್ರ ಬಂದರಿನ ಬೋಟುಗಳಲ್ಲಿ ದುಡಿಯುವವರು ಹಾಕುವಂಥ ಮೊಣಕಾಲುದ್ದದ ಕಪ್ಪು ರಬ್ಬರ್ ಬೂಟು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೂಟಿನೊಳಗೆ ನೀರು ಪಚಪಚ ಎನ್ನುತ್ತಿದ್ದರೂ ಲೆಕ್ಕಿಸದೆ, ಬೋಳಾರದ ನಮ್ಮ ಫ್ಲ್ಯಾಟಿನ ಗೇಟಿನೆದುರು ಅವರು ನಡೆದುಹೋಗುತ್ತಿದ್ದರು. ಎತ್ತರದ ಆಳು, ದೊಡ್ಡ ಗಂಟಲು. ಮಂಗಳಾದೇವಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ಊಟದ ಹೋಟೆಲಿತ್ತು. ಗಲ್ಲಾದಲ್ಲಿ ಕೂತಾಗಲೂ ಕಾಲಲ್ಲಿ ಅದೇ ಬೂಟು. ಎಲ್ಲರೂ ಬೈಲಿನಕ್ಕ ಎನ್ನುತ್ತಿದ್ದರು. ನಾನೂ ಅಕ್ಕ ಎಂದೇ ಕರೆದೆ.

ನಾನು ಅವರನ್ನು ಮೊದಲು ಕಂಡಾಗ ಆ ಬೂಟು ಇರಲಿಲ್ಲ. ನಾವು ಫ್ಲ್ಯಾಟಿಗೆ ಬಂದ ವಾರವೇ ಅವರ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ನಾನು ಕುಂದಾಪುರದ ಕಡೆಯವಳು, ತುಳು ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಅದು ಗೊತ್ತಾಗಿ ಅವರು ಕನ್ನಡಕ್ಕೆ ತಿರುಗಿದರು.

"ಎಷ್ಟನೇ ಮಾಳಿಗೆ ನಿಮ್ಮದು?"

"ಎರಡನೆಯದು."

"ಅದು ನಮ್ಮ ಬೈಲು, ಗೊತ್ತುಂಟಾ? ಆ ಬಿಲ್ಡಿಂಗ್ ಇರುವ ಜಾಗ ಪೂರಾ ನಮ್ಮ ಗದ್ದೆ. ನಾನೇ ಮಾರಿದ್ದು."

ಆ ದಿನ ಆ ಮಾತಿನಲ್ಲಿ ಹೆಮ್ಮೆ ಇತ್ತು. ಊರಿನ ಯಜಮಾನಿಕೆ ನಡೆಸಿದ ಗುತ್ತಿನ ಮನೆತನದ ಮಗಳು, ತಮ್ಮನಿಗೆ ಮುಂಬಯಿಯಲ್ಲಿ ಹೋಟೆಲುಗಳು. ತಂದೆಯ ಕಾಲದ ನಂತರ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಾಗ ಬಿಲ್ಡರನ ಹತ್ತಿರ ಕೂತು ವ್ಯವಹಾರ ಕುದುರಿಸಿದವರು ಇವರೇ. ಗುಡ್ಡದ ಮೇಲಿನ ಮಳೆನೀರೆಲ್ಲ ಬಂದು ನಿಲ್ಲುತ್ತಿದ್ದುದು ಆ ತಗ್ಗಿನಲ್ಲಿ. ಅಲ್ಲಿಂದ ಒಂದು ತೋಡು ಹರಿದು ನೇತ್ರಾವತಿಯನ್ನು ಸೇರುತ್ತಿತ್ತು. ಗದ್ದೆಗೆ ಮಣ್ಣು ಬಿದ್ದ ಮೇಲೆ ಆ ತೋಡು ನಮ್ಮ ಪಾರ್ಕಿಂಗಿನಡಿಯ ಒಂದು ಪೈಪಿನೊಳಗೆ ಸೇರಿಕೊಂಡಿತು. ಇದೆಲ್ಲ ನನಗೆ ತಿಳಿದದ್ದು ನಮ್ಮ ಮೊದಲ ಮಳೆಗಾಲದಲ್ಲಿ.

ಫ್ಲ್ಯಾಟಿನ ಹಿಂದೆ, ಇನ್ನೂ ತಗ್ಗಿನಲ್ಲಿ, ಒಂದು ಓಣಿ. ತಲೆತಲಾಂತರದಿಂದ ಕಡಲಿಗೆ ಹೋಗುವವರ ಮನೆಗಳು. ಅಂದು ಬೆಳಗಿನಿಂದ ಹೊಯ್ದ ಮಳೆಗೆ ಹೊಳೆಯ ಉಬ್ಬರವೂ ಸೇರಿ ಓಣಿ ತುಂಬಿತು. ಮಧ್ಯಾಹ್ನ ಅಕ್ಕ ಹೋಟೆಲಿನಿಂದ ಎರಡು ದೊಡ್ಡ ಪಾತ್ರೆ ಗಂಜಿ, ಒಂದು ಭರಣಿ ಉಪ್ಪಿನಕಾಯಿಯನ್ನು ರಿಕ್ಷಾದಲ್ಲಿ ತಂದರು. ಗೇಟಿನಲ್ಲಿ ನಿಂತಿದ್ದ ನನ್ನನ್ನು ನೋಡಿ, "ಬನ್ನಿ, ಒಂದು ಕೈ ಕೊಡಿ" ಎಂದರು. ಭರಣಿ ಹಿಡಿದುಕೊಂಡು ಅವರ ಹಿಂದೆ ನೀರಿಗಿಳಿದೆ.

ಮೊದಲ ಮನೆಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಮೀನಿನ ಬುಟ್ಟಿ ಕೋಣೆಯೊಳಗೆ ತೇಲುತ್ತಿತ್ತು. ಗ್ಯಾಸ್ ಸಿಲಿಂಡರನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದರು. ಅಕ್ಕ ಪಾತ್ರೆಯ ಮುಚ್ಚಳ ತೆಗೆದರು. ಹೆಂಗಸು ಗಂಜಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಮೆಲ್ಲಗೆ ತುಳುವಿನಲ್ಲಿ ಹೇಳಿದರು:

"ಗಂಜಿ ಬೇಡ ಅಕ್ಕ. ನಿಮ್ಮ ನೀರನ್ನು ಕೊಂಡುಹೋಗಿ."

ಸಿಟ್ಟಿನಿಂದ ಹೇಳಿದ್ದರೆ ಅಕ್ಕ ಏನಾದರೂ ಉತ್ತರ ಕೊಡುತ್ತಿದ್ದರೇನೋ. ಆ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಅಕ್ಕನ ಮುಖ ಕಪ್ಪಾಯಿತು, ಅವರು ಮುಚ್ಚಳವನ್ನು ತಿರುಗಿ ಮುಚ್ಚಿದರು. ನನ್ನ ಕೈಯ ಭರಣಿಯನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ಮಾತು ಅವರಿಗೆ ಹೇಳಿದ್ದು. ಆದರೆ ಹಿಂದಿನ ದಿನ ಬಾಲ್ಕನಿಯ ಮಾಡಿನಡಿ ಹರವಿದ ನಮ್ಮ ಬಟ್ಟೆಗಳು ಆ ಬಾಗಿಲಿನಿಂದ ಚೆನ್ನಾಗಿ ಕಾಣುತ್ತಿದ್ದವು. ಒಂದೂ ಒದ್ದೆಯಾಗಿರಲಿಲ್ಲ.

ಹಿಂದಿರುಗುವಾಗ ಅಕ್ಕ ನಮ್ಮ ಕಂಪೌಂಡಿನ ಕಟ್ಟೆಯ ಮೇಲೆ ಮಳೆಯಲ್ಲೇ ಕೂತುಬಿಟ್ಟರು.

"ಅವಳು ಹೇಳಿದ್ದು ಸುಳ್ಳಲ್ಲ ಮಾರಾಯ್ತಿ," ಎಂದರು. "ಆ ನೀರು ನಮ್ಮ ಗದ್ದೆಯದ್ದು."

ಫ್ಲ್ಯಾಟಿಗೂ ಓಣಿಗೂ ನಡುವೆ ಅವರದೇ ಒಂದು ತುಂಡು ಜಾಗ ಉಳಿದಿತ್ತು. ಅದಕ್ಕೂ ಮಣ್ಣು ತುಂಬಿಸಿ ಆಗಿತ್ತು, ಇನ್ನೊಂದು ಕಟ್ಟಡಕ್ಕೆ ಕೊಡುವ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಮಳೆ ನಿಂತದ್ದೇ ಅಕ್ಕ ಬಿಲ್ಡರನಿಗೆ ಇಲ್ಲವೆಂದರು. ಜೆಸಿಬಿ ತರಿಸಿ ಆ ಮಣ್ಣನ್ನು ತೆಗೆಸತೊಡಗಿದರು. ಸುದ್ದಿ ಕೇಳಿ ತಮ್ಮ ಮುಂಬಯಿಯಿಂದ ಓಡಿಬಂದ. ರಸ್ತೆಯಲ್ಲೇ ಮಾತಿಗೆ ಮಾತು ಬೆಳೆಯಿತು.

"ಮಣ್ಣು ಹಾಕಿಸಿದ್ದೂ ನೀನೇ, ತೆಗೆಸುದೂ ನೀನೇ. ಜನ ನಗ್ತಾರೆ ಅಕ್ಕ."

"ನಗಲಿ. ಹಾಕಿಸುವಾಗ ಯಾರೂ ನಗಲಿಲ್ಲ. ಆಗ ನಗಬೇಕಿತ್ತು."

ಹಳೆಯ ಗದ್ದೆಯ ಮಟ್ಟ ಸಿಗುವವರೆಗೂ ಅಗೆಸಿದರು. ಅಲ್ಲಿ ಮಳೆನೀರು ನಿಲ್ಲುವ ಒಂದು ಮದಗ ಮಾಡಿದರು, ಅದರಿಂದ ಹೊಳೆಯವರೆಗೆ ತೋಡನ್ನು ಬಿಡಿಸಿದರು. ದಾರಿಗೆ ಅಡ್ಡವಿದ್ದ ತಮ್ಮದೇ ಕಾರಿನ ಶೆಡ್ಡನ್ನು ಒಡೆಸಿದರು. ಆ ಬೂಟು ಅವರ ಕಾಲಿಗೆ ಬಂದದ್ದು ಆಗ. ನಮ್ಮ ಫ್ಲ್ಯಾಟಿನ ಅಸೋಸಿಯೇಶನ್ನಿನವರು ಹೋಗಿ, ಕೆರೆ ಮಾಡಿದರೆ ಹಾವು ಬರುತ್ತದೆ ಎಂದು ತಕರಾರು ತೆಗೆದರು. "ಹಾವು ಮೊದಲೇ ಇತ್ತು. ಆಮೇಲೆ ಬಂದದ್ದು ನೀವು, ಕರೆಸಿದ್ದು ನಾನು," ಎಂದರು ಅಕ್ಕ.

ನೀರು ನಿಂತ ಮೇಲೆ ಯಾರೂ ಕರೆಯದೆ ಹುಂಡುಕೋಳಿ ಎಂಬ ನೀರಹಕ್ಕಿಗಳು ಬಂದವು. ಅಂಚಿನಲ್ಲಿ ಒಂದೆಲಗ ಹಬ್ಬಿತು, ಕೇದಗೆ ಚಿಗುರಿತು. ಅಕ್ಕ ಭಾನುವಾರ ಬೆಳಿಗ್ಗೆ ಫ್ಲ್ಯಾಟಿನ ಮಕ್ಕಳನ್ನು ಕೂಗಿ ಕರೆಯತೊಡಗಿದರು. ಮದಗದಿಂದ ಹೊಳೆಯವರೆಗೆ ನಡೆಸಿಕೊಂಡು ಹೋಗುವುದು, ಬರುವಾಗ ಒಂದೆಲಗ ಕೊಯ್ಯಿಸಿ ಹೋಟೆಲಿನಲ್ಲಿ ಚಟ್ನಿ ಅರೆಸಿ ದೋಸೆಯ ಜೊತೆ ತಿನ್ನಿಸುವುದು. ದಾರಿಯುದ್ದಕ್ಕೂ ತೋರಿಸುತ್ತಿದ್ದರು. ಇಲ್ಲಿ ಗದ್ದೆ ಇತ್ತು, ಇಲ್ಲಿ ನಾವು ಮುಗುಡು ಮೀನು ಹಿಡಿಯುತ್ತಿದ್ದೆವು. ಪ್ರತಿಯೊಂದರ ಕೊನೆಗೂ, "ನಾನೇ ಮಾರಿದ್ದು." ಹೋಟೆಲಿನಲ್ಲಿ ನನಗೆ ಹೇಳಿದ ಅದೇ ಮಾತು. ಸ್ವರ ಮಾತ್ರ ತಗ್ಗಿತ್ತು.

ಒಂದು ಮಗು ಕೇಳಿಯೇಬಿಟ್ಟಿತು. "ಯಾಕೆ ಮಾರಿದ್ರಿ ಅಜ್ಜಿ?"

ದೊಡ್ಡವರು ಯಾರೂ ಕೇಳದ ಪ್ರಶ್ನೆ. ತಮ್ಮನ ಒತ್ತಾಯ, ಗದ್ದೆಗೆ ಆಳು ಸಿಗದ ಕಷ್ಟ, ಹೇಳಲು ಬೇಕಷ್ಟು ಇತ್ತು.

"ಆಸೆ ಆಯ್ತು ಮಗಾ," ಎಂದರು ಅಕ್ಕ. "ಬೇರೆ ಎಂತದೂ ಇಲ್ಲ."

ಮುಂದಿನ ಮಳೆಗಾಲ ನೀರು ಓಣಿಯ ಹೊಸ್ತಿಲವರೆಗೆ ಬಂದು ನಿಂತಿತು. ಆದರೆ ಉಬ್ಬರ ಜೋರಿದ್ದ ಒಂದು ದಿನ ಕೆಳಗಿನ ಎರಡು ಮನೆಗಳಿಗೆ ಮತ್ತೆ ನುಗ್ಗಿತು. ಅವುಗಳಲ್ಲಿ ಒಂದು ಆ ಮೀನಿನ ಹೆಂಗಸಿನದೇ. ಅಕ್ಕ ಗಂಜಿ ಒಯ್ಯಲಿಲ್ಲ. ನೀರು ಇಳಿದ ಮೇಲೆ ಹಿಡಿಸೂಡಿ ಹಿಡಿದುಕೊಂಡು ಹೋಗಿ, ಕೇಳದೆ, ಅಂಗಳದ ಕೆಸರು ಗುಡಿಸತೊಡಗಿದರು. ಹೆಂಗಸು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ ಒಳಗಿನಿಂದ ಒಂದು ಬಕೆಟ್ ನೀರು ತಂದು, ಅಕ್ಕ ಗುಡಿಸಿದ ಜಾಗಕ್ಕೆ ಹೊಯ್ದರು. ಇಬ್ಬರೂ ಸೇರಿ ಅಂಗಳ ತೊಳೆದರು. ನಂತರದ ಭಾನುವಾರಗಳಲ್ಲಿ ಓಣಿಯ ಮಕ್ಕಳೂ ಬರತೊಡಗಿದರು. ಹೆಂಗಸು ಮಾತ್ರ ಬರಲಿಲ್ಲ. ಒಮ್ಮೆ ಮದಗದ ಬದಿಯಲ್ಲಿ ಬುಟ್ಟಿ ಇಳಿಸಿ ಕೂತಿದ್ದನ್ನು ನಾನು ಬಾಲ್ಕನಿಯಿಂದ ಕಂಡೆ. ಅಕ್ಕನಿಗೆ ಹೇಳಿದಾಗ, "ಕೂರಲಿ. ನೀನು ಹೋಗಿ ಮಾತಾಡಿಸಬೇಡ," ಎಂದರು.

ಪೇಟೆಯ ಒಂದು ಸಂಘದವರು ಸನ್ಮಾನ ಮಾಡುತ್ತೇವೆಂದು ಬಂದಾಗ ಅವರಿಗೆ ಚಹಾ ಕೊಟ್ಟು ಕಳುಹಿಸಿದರು. ಯಾಕಕ್ಕ ಎಂದು ಕೇಳಿದೆ.

"ಕದ್ದವಳು ಒಂದು ಮುಷ್ಟಿ ತಿರುಗಿ ಕೊಟ್ಟದ್ದಕ್ಕೆ ಶಾಲು ಹಾಕುದಾ? ಓಣಿಯವರ ಎದುರು ಆ ಶಾಲು ಹಾಕಿಕೊಂಡು ಹೇಗೆ ನಡೆಯುದು?"

ಆ ಜಾಗದಲ್ಲಿ ಎಂದೂ ಕಟ್ಟಡ ಏಳದಂತೆ ವಕೀಲರ ಮೂಲಕ ಗಟ್ಟಿ ಮಾಡಿಟ್ಟರು. ಹೋದ ವರ್ಷ ಅವರಿಗೆ ಕಿಡ್ನಿಯ ತೊಂದರೆ ಶುರುವಾಯಿತು. ಆಸ್ಪತ್ರೆಯಲ್ಲಿ ಬರಿಗಾಲು ಚಾಚಿ ಮಲಗಿದ್ದ ಅವರನ್ನು ಸಮಾಧಾನಪಡಿಸಲು ನಾನು, "ನೀವು ಮಾಡುವಷ್ಟು ಮಾಡಿದ್ದೀರಿ ಅಕ್ಕ, ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬಿಟ್ಟುಬಿಡಿ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ನಾಚಿಕೆ ಹೋಗುದು ಬೇಡ ಮಾರಾಯ್ತಿ. ಅದು ಹೋದರೆ ನಾನು ಮತ್ತೆ ಮಾರ್ತೇನೆ. ನನ್ನ ಗುಣ ನನಗೆ ಗೊತ್ತುಂಟು."

ಅಕ್ಕ ತೀರಿಕೊಂಡ ದಿನ ಮೀನಿನ ಹೆಂಗಸು ಮೀನು ತರಲು ಬಂದರಿನ ಧಕ್ಕೆಗೆ ಹೋಗಲಿಲ್ಲ. ಬಂದು, ಅಕ್ಕನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು. ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಅಧಿಕಾರವೂ ನನಗಿಲ್ಲ.

ಈಗ ಭಾನುವಾರ ಮಕ್ಕಳ ಜೊತೆ ನಡೆಯುವವಳು ನಾನು. ಹೇಳಲು ನನ್ನಲ್ಲಿ ಅಕ್ಕನ ಬಾಲ್ಯವಿಲ್ಲ. ಕೇಳಿಸಿಕೊಂಡದ್ದನ್ನೇ ಹೇಳುತ್ತೇನೆ. ಮೊನ್ನೆ ಓಣಿಯ ಹುಡುಗಿಯೊಬ್ಬಳು ನಮ್ಮ ಕಟ್ಟಡದ ಕಡೆ ಬೆರಳು ತೋರಿಸಿದಳು.

"ಗದ್ದೆ ಇದ್ದಲ್ಲಿ ಈಗ ಯಾರಿರುದು ಆಂಟಿ?"

ಜಾಣತನದ ಉತ್ತರಗಳು ಒಂದೆರಡು ನಾಲಿಗೆಯ ತುದಿಗೆ ಬಂದವು. ನಾವು ಕೊಳ್ಳುವ ಮೊದಲೇ ಕಟ್ಟಡ ಎದ್ದಿತ್ತು ಎನ್ನಬಹುದಿತ್ತು. ಅದು ನಿಜವೂ ಹೌದು.

"ನಾನು," ಎಂದೆ.

ಅದನ್ನು ಹೇಳುವಾಗ ಮುಖ ಬಿಸಿಯಾಯಿತು. ಅಷ್ಟನ್ನಾದರೂ ಅಕ್ಕನಿಂದ ಕಲಿತೆ.