ಅವ್ವ ಬರುವ ತನಕ ಬರೆಯದ ಹೇಳಿಕೆ

೨೦೦೪ರ ಜೂನ್. ನನಗೆ ಇಪ್ಪತ್ನಾಲ್ಕು ವರ್ಷ. ಬೆಂಗಳೂರಿನ ಮರ್ಫಿ ಟೌನಿನ ಸಂಸ್ಥೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಹದಿನೆಂಟು ತುಂಬದವರನ್ನು ಪೊಲೀಸರು ವಿಚಾರಿಸುವಾಗ ಜೊತೆಗೆ ಕೂರುವುದು ನನ್ನ ಕೆಲಸ. ದಿನಚರಿಯಲ್ಲಿ ಪ್ರತಿ ವಿಚಾರಣೆಗೂ ಒಂದು ಸಾಲು, ಶರಣಮ್ಮನದು ಮೂವತ್ತೊಂದನೆಯದು.

ಯಾದಗಿರಿ ಕಡೆಯ ಹದಿನೈದರ ಹುಡುಗಿ. ಇಂದಿರಾನಗರದ ಮನೆಯೊಂದರಲ್ಲಿ ಉಳಿದುಕೊಂಡು ಕೆಲಸ ಮಾಡುತ್ತಿದ್ದಳು. ಯಜಮಾನರ ಕೈಗಡಿಯಾರ ಕಾಣೆಯಾಗಿ, ಅನುಮಾನ ಅವಳ ಮೇಲೆ ಬಂತು. ವಿಚಾರಣೆಗೆ ನಮ್ಮ ಸಂಸ್ಥೆಗೇ ಬಂದವರು ಎಎಸ್‌ಐ ಸೆಲ್ವಿ ಮೇಡಂ. ಹತ್ತಿ ಸೀರೆ ಉಟ್ಟಿದ್ದರು. ಮಕ್ಕಳ ಮುಂದೆ ಅವರು ಖಾಕಿ ಹಾಕುತ್ತಿರಲಿಲ್ಲ.

ನಾನು ಎಂದಿನಂತೆ ಕಾನೂನು ಹೇಳಿದೆ: ನಿನ್ನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಹೊಡೆಯುವಂತಿಲ್ಲ, ತಂದೆತಾಯಿಗೆ ತಿಳಿಸಿ ಕರೆಸುತ್ತೇವೆ.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ಮುಖ ಎತ್ತಿದಳು. “ಅವ್ವನ್ನ ಕರಸ್ತೀರೇನ್ರಿ? ಖರೇನ?”

“ಖಂಡಿತ.”

“ಹಂಗಾದ್ರ ಗಡಿಯಾರ ನಾನss ತೊಗೊಂಡೀನ್ರಿ.”

ನಾನು ಬರೆಯತೊಡಗಿದೆ. ಮೇಡಂ ನನ್ನ ಪುಸ್ತಕದ ಮೇಲೆ ಕೈಯಿಟ್ಟರು. “ಪೆನ್ ಮುಚ್ಚಮ್ಮ. ಅವ್ರಮ್ಮ ಪಕ್ಕದಲ್ಲಿ ಕೂತ್ಮೇಲೆ ಕೇಳೋಣ.”

ಪೊಲೀಸರೆದುರಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದರೆ ಕಡತ ಸೇರಿದ ವಾಕ್ಯ ಮಗುವಿನ ಬೆನ್ನು ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೂ ಬರೆಯಲು ಹೊರಟಿದ್ದೆ.

ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ತಾಯಿಗೆ ಹೇಳಿ ಕಳಿಸಿದೆವು. ಎರಡು ದಿನ ಶರಣಮ್ಮ ನಮ್ಮ ಹಾಸ್ಟೆಲಿನಲ್ಲಿದ್ದಳು. “ರೈಲು ಈಗ ಎಲ್ಲಿಗೆ ಬಂದಿರಬೇಕ್ರಿ?” ಎಂದು ಹದಿನಾಲ್ಕು ಸಲ ಕೇಳಿದಳು. ತಾಯಿ ಇನ್ನೂ ಊರಿನಿಂದ ಹೊರಟೇ ಇರದಿದ್ದಾಗಲೂ ಕೇಳಿದ್ದಳು.

ಮೂರನೆಯ ಬೆಳಿಗ್ಗೆ ತಾಯಿ ಬಂದರು. ಮಗಳು ಅವರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಮೇಡಂ ಕೇಳಿದರು, “ಈಗ ಹೇಳಮ್ಮ, ಗಡಿಯಾರ ಎಲ್ಲಿ?”

“ನಂಗ ಗೊತ್ತಿಲ್ರಿ. ನಾ ತೊಗೊಂಡಿಲ್ಲ.”

“ಮೊನ್ನೆ ತಗೊಂಡೆ ಅಂದ್ಯಲ್ಲ?”

“ಅಂದ್ರss ಅವ್ವನ್ನ ಕರಸ್ತೀರಂತ ಅಂದೆ.”

ತಾಯಿ ಅವಳ ತಲೆಗೆ ಮೆಲ್ಲಗೆ ಮೊಟಕಿದರು. “ಹುಚ್ಚಿ, ಒಂದು ಮಾತು ಹೇಳಿ ಕಳಸಿದ್ರ ನಾ ಬರ್ತಿದ್ದಿಲ್ಲೇನು?”

“ಕೆಲಸದ ಮನಿಯವರ ಕೈಲಿ ಮೂರು ಸಲ ಹೇಳಿ ಕಳಸೀನವ್ವ.”

ಒಂದು ಸಲದ್ದೂ ತಾಯಿಗೆ ಮುಟ್ಟಿರಲಿಲ್ಲ.

ನಾಲ್ಕು ದಿನಗಳ ನಂತರ ಯಜಮಾನರ ಪ್ರಯಾಣದ ಚೀಲದಲ್ಲೇ ಗಡಿಯಾರ ಸಿಕ್ಕಿತು; ಅವರು ದೂರು ಹಿಂದಕ್ಕೆ ಪಡೆದರು. ಅಷ್ಟರೊಳಗೆ ತಾಯಿ ಮಗಳು ಊರು ಸೇರಿದ್ದರು.

ನನ್ನ ಪುಸ್ತಕದ ಆ ಪುಟದಲ್ಲಿ ಅರ್ಧ ವಾಕ್ಯ ಇನ್ನೂ ಇದೆ: ‘ಗಡಿಯಾರ ತಾನೇ’. ಅದನ್ನು ಹೊಡೆದುಹಾಕಿಲ್ಲ. ಅಂದಿನಿಂದ ಕಾನೂನು ಹೇಳುವ ಮೊದಲು ಮಗುವನ್ನು ಒಂದು ಮಾತು ಕೇಳುತ್ತೇನೆ: ಅಮ್ಮನನ್ನು ನೋಡಿ ಎಷ್ಟು ದಿನವಾಯಿತು? ಉತ್ತರಕ್ಕೆಂದೇ ದಿನಚರಿಯಲ್ಲಿ ಒಂದು ಅಂಕಣ ಹಾಕಿದ್ದೇನೆ. ಶರಣಮ್ಮನ ಸಾಲಿನಲ್ಲಿ ‘ಹನ್ನೊಂದು ತಿಂಗಳು’ ಎಂದಿದೆ. ಅವಳ ಹಿಂದಿನ ಮೂವತ್ತು ಸಾಲುಗಳಲ್ಲಿ ಆ ಜಾಗ ಖಾಲಿ.