ಮೂರನೆಯ ಶಾಲು

ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಪಾತಿ ಹಾಕಿ, ತುಳಸಿಗೆ ನೀರೆರೆಯುವಷ್ಟರಲ್ಲಿ ಪದ್ಮಾಳ ಫೋನ್ ಬಂತು. "ಅಕ್ಕೋರ, ಬಸ್ ಪೀರನವಾಡಿ ದಾಟೇತ್ರಿ. ಇವತ್ತರ ಕೆಲಸ ಕೊಡ್ತಾರೇನ್ರಿ?"

ಪದ್ಮಾ ಖಾನಾಪುರದವಳು, ಇಪ್ಪತ್ತೆರಡು ವರ್ಷ. ಕಲಿಕೆಯ ತೊಂದರೆ ಇರುವವರ ತರಬೇತಿ ಕೇಂದ್ರದಲ್ಲಿ ವಾರಕ್ಕೊಮ್ಮೆ ನಾನು ಅವಳ ಟೀಚರ್. ಅಕ್ಷರಗಳು ಅವಳ ಕಣ್ಣೆದುರು ಕಲೆಸಿಹೋಗುತ್ತವೆ. ಆದರೆ ಸ್ವೀಟ್ ಬಾಕ್ಸ್ ಮಡಿಸಲು ಕೂತರೆ? ಒಂದು ಮೂಲೆಯೂ ಆಚೀಚೆ ಆಗುವುದಿಲ್ಲ.

ಮೊದಲು ಎರಡು ಕಡೆ ಕೆಲಸ ಕೇಳಲು ಹೋಗಿದ್ದೆವು. ಎರಡೂ ಕಡೆ ಪದ್ಮಾಳನ್ನು ‘ವಿಶೇಷ ಅತಿಥಿ’ ಎಂದು ಕೂರಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೊ ತೆಗೆದು ಕಳಿಸಿದರು. (ನಮ್ಮೂರಲ್ಲಿ ಹಾಗೇ. ರಿಟೈರ್ ಆದರೆ ಶಾಲು, ಟ್ರಾನ್ಸ್‌ಫರ್ ಆದರೆ ಶಾಲು.) ಕೆಲಸ? ಅದೊಂದು ಬಿಟ್ಟು ಎಲ್ಲ ಕೊಟ್ಟರು.

ಈ ಸಲ ಬೆಳಗಾವಿಯಲ್ಲಿ ಕುಂದಾ ಮಾರುವ ಒಂದು ಸಿಹಿತಿಂಡಿ ಅಂಗಡಿ. ಒಂದು ದಿನ ಟ್ರಯಲ್. ನಾವು ಒಳಗೆ ಕಾಲಿಟ್ಟದ್ದೇ ತಡ, ಮಾಲೀಕರು ಶಾಲು ತಂದು ಪದ್ಮಾಗೆ ಹೊದಿಸಿದರು! ಬೆಲೆಯ ಚೀಟಿ ಇನ್ನೂ ಅಂಚಿಗೆ ಜೋತಾಡುತ್ತಿತ್ತು. ಕುರ್ಚಿ ಬಂತು, ಚಹಾ ಬಂತು, ಕುಂದಾ ಬಂತು. ನಾನು ಕುಂದಾ ತಿಂದು ಥ್ಯಾಂಕ್ಯೂ ಅಂದೆ. (ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಅದನ್ನೇ: ಕೊಟ್ಟದ್ದು ತಗೊಂಡು ಥ್ಯಾಂಕ್ಯೂ ಅನ್ನು.)

ಹನ್ನೊಂದಕ್ಕೆ ಗಿರಾಕಿಗಳು ನುಗ್ಗಿದರು. ಮಡಿಸಿದ ಬಾಕ್ಸ್ ಖಾಲಿ! ಪದ್ಮಾ ಎದ್ದು, ಹೊದ್ದ ಶಾಲಿನಲ್ಲೇ ಮಡಿಸತೊಡಗಿದಳು. ಮಾಲೀಕರು ಓಡಿ ಬಂದು ಆಳುಗಳ ಮೇಲೆ ರೇಗಿದರು. "ಏ, ಗೆಸ್ಟ್ ಕಡಿಂದ ಕೆಲಸ ಮಾಡಸ್ತೀರೇನಲೇ? ನೀ ಕುಂದರವ್ವ!"

ಕೂತಳು. ಅವರು ಆಚೆ ಹೋದರು. ಎದ್ದಳು, ಹತ್ತು ಬಾಕ್ಸ್ ಮಡಿಸಿದಳು. ಮತ್ತೆ ಕೂರಿಸಿದರು. ಸತ್ಕಾರ ಎಂದರೆ ಹೀಗೆ ಕಾವಲು ಕಾಯುವುದೇ?

ನಾಲ್ಕನೆಯ ಸಲ ಕೂರಿಸಲು ಬಂದಾಗ ಪದ್ಮಾ ಶಾಲನ್ನೇ ತೆಗೆದಳು. ಅಂಚಿಗೆ ಅಂಚು ಕೂಡಿಸಿ ಮಡಿಸಿ ಮಾಲೀಕರ ಕೈಗಿಟ್ಟಳು.

"ಮನ್ಯಾಗ ಎರಡು ಅದಾವ್ರಿ. ನನಗ ಕೆಲಸ ಬೇಕ್ರಿ."

ಮಾಲೀಕರು ಶಾಲು ನೋಡಿದರು, ಅವಳು ಪೇರಿಸಿಟ್ಟ ಬಾಕ್ಸ್‌ಗಳನ್ನು ನೋಡಿದರು, ಕಾಯುತ್ತಿದ್ದ ಗಿರಾಕಿಗಳನ್ನು ನೋಡಿದರು.

"ನಾಳಿಂದ ಒಂಬತ್ತಕ್ಕ ಬಾ, ಪಗಾರ ಕೊಡ್ತೀನಿ. ಲೇಟಾದ್ರ ಬೈತೀನಿ ಮತ್ತ."

"ಬೈರಿ!" ಎಂದಳು ಪದ್ಮಾ, ಮುಖವೆಲ್ಲ ನಗುವಾಗಿ.

ಸಂಜೆ ಪಕ್ಕದ ಮನೆಯ ಶಾಂತಾ ಕಾಕುಗೆ ಕಾಂಪೌಂಡಿನ ಈಚೆಯಿಂದಲೇ ಎಲ್ಲ ಹೇಳಿದೆ. ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಅವರು ತಲೆ ಎತ್ತದೆಯೇ ಅಂದರು.

"ಕೆಲಸ ಸಿಕ್ತಲ್ಲ, ಇನ್ನ ಆಕಿಗೆ ಯಾರೂ ಶಾಲ್ ಹೊದಸಂಗಿಲ್ಲ ಬಿಡ್ರಿ."